ಉಸಿರುನಾಳದ ಬಿಗಿತ ಮತ್ತು ಸಡಿಲಿಕೆ

ನಿಪ್ಪಾಣಿಯ ತಂಬಾಕಿನ ವಖಾರಿಯೊಳಗೆ ಕಾಲಿಟ್ಟ ಹೊಸಬನಿಗೆ ಕೆಮ್ಮು ಬರುವುದು. ಕೆಲವರಿಗೆ ಎದೆ ಬಿಗಿಯುವುದೂ ಉಂಟು. ಈ ಬಿಗಿತವೆಲ್ಲಿಯದು?

ಶ್ವಾಸನಾಳಗಳ ಗೋಡೆಯಲ್ಲಿ ನಮ್ಮ ಇಚ್ಛೆಗೆ ಒಳಪಡದ ಸ್ನಾಯುಗಳಿವೆ. ಧೂಳು ತಾಗಿದೊಡನೆ ಒಳಪೊರೆಯ ನರಗಳು ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ವೇಗಸ್ ನರದ ಮೂಲಕ ಆಜ್ಞೆ ಹಿಂದಿರುಗುತ್ತದೆ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವು ಒಸರಿ, ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿ, ಸ್ನಾಯುವು ಸಂಕುಚಿಸುತ್ತದೆ. ನಾಳದ ವ್ಯಾಸವು ಅರ್ಧಕ್ಕಿಳಿದರೆ ಗಾಳಿಗೊದಗುವ ತಡೆಯು ಎರಡರಷ್ಟಲ್ಲ, ಸುಮಾರು 16ರಷ್ಟಾಗುವುದು! ಉಬ್ಬಸದವನ ಸಂಕಟವು ಇದರಿಂದ ಅರ್ಥವಾದೀತು.

ಬಿಗಿಯನ್ನು ಸಡಿಲಿಸುವುದೂ ಮುಖ್ಯವಾಗಿ ನರಗಳ ಕೆಲಸವೆಂದು ಊಹಿಸಬೇಡಿರಿ. ಮೂತ್ರಪಿಂಡಗಳ ಮೇಲಿನ ಗ್ರಂಥಿಗಳಿಂದ ಹೊರಟ ಅಡ್ರಿನಲಿನ್ ರಕ್ತದೊಡನೆ ಹರಿದುಬಂದು ಸ್ನಾಯುವನ್ನು ಸಡಿಲಿಸುತ್ತದೆ. 1969ರಲ್ಲಿ ಬಳಕೆಗೆ ಬಂದ ಸಾಲ್ಬ್ಯುಟಮಾಲ್ ಅದರ ಅನುಕರಣೆಯೇ.

ಇನ್ನು ಚಿಕ್ಕೋಡಿ, ಅಥಣಿಗಳ ಪಾಳುಭೂಮಿಯಲ್ಲಿ ಬೆಳೆಯುವ ಮದಗುಣಿಕೆ. ದಮ್ಮಿಗೆ ಇದರ ಜಾತಿಯ ಗಿಡಗಳ ಹೊಗೆ ಸೇದುವ ಪದ್ಧತಿಯು 19ನೆಯ ಶತಮಾನದ ಆರಂಭದಲ್ಲಿ ಮದರಾಸಿನಿಂದ ಬ್ರಿಟನ್ನಿಗೆ ಹೋಯಿತು. ಅದರಲ್ಲಿನ ಅಟ್ರೊಪಿನ್ ಅಸಿಟೈಲ್‌ಕೋಲಿನ್ನಿನ ದಾರಿಯನ್ನು ಕಟ್ಟುವುದು ನಿಜ. ಆದರೆ ವಿಷದ ಪ್ರಮಾಣವು ಗಿಡದಿಂದ ಗಿಡಕ್ಕೆ ಬೇರೆ. ಮತಿಭ್ರಮೆ, ಮರಣವೂ ಸಂಭವಿಸೀತು. ಆಸ್ಪತ್ರೆಯ ಇಪ್ರಟ್ರೋಪಿಯಂ ಅದೇ ಕಾರ್ಯವನ್ನು ಅಳತೆಯಿಂದ ಮಾಡುತ್ತದೆ.