ನಿಂತ ಆಕಳ ಕಾಲು ನೋಡಿ

ಟಿಕೋಟಾ ಕಡೆಯ ಒಬ್ಬ ಅಕ್ಕ ಫೋನ್ ಮಾಡಿ, "ಸರ್, ಆಕಳ ಮೇವು ತಿಂತದ, ಹಾಲೂ ಕೊಡ್ತದ. ಆದ್ರ ನಿಂತಲ್ಲೇ ಮ್ಯಾಲಿಂದ ಮ್ಯಾಲೆ ಕಾಲ ಬದಲಸ್ತದ" ಎಂದರು. ಹೋಗಿ ನೋಡಿದರೆ ಹಿಂಗಾಲಿನ ಹೊರಗಿನ ಗೊರಸಿನಲ್ಲಿ ಕೀವು ತುಂಬಿತ್ತು. ಆಕೆ ನೋಡಿದ್ದು ಸಣ್ಣ ಗುರುತು. ಅದರಿಂದಲೇ ಆಕಳು ನೆಲ ಹಿಡಿಯುವುದು ತಪ್ಪಿತು.

ನಾಲ್ಕು ಕಾಲಿದ್ದ ಮೇಲೆ ನಿಲ್ಲುವುದೇನು ಕಷ್ಟ ಅನಿಸಬಹುದು. ಆದರೆ ಆಕಳು ಹೊರಸಿನ ಹಾಗಲ್ಲ. ಅದರ ಕಾಲಿನಲ್ಲಿ ಕೀಲುಗಳಿವೆ, ಅವು ಮಡಚದಂತೆ ಸ್ನಾಯುಗಳು ಬಿಗಿ ಹಿಡಿದಿರಬೇಕು. ಗೊರಸು, ಕೀಲು, ಕಣ್ಣು, ಒಳಕಿವಿ ಎಲ್ಲವೂ ಮಿದುಳಿಗೆ ಸುದ್ದಿ ಮುಟ್ಟಿಸುತ್ತಿರುತ್ತವೆ. ಮೈ ಸ್ವಲ್ಪ ವಾಲಿದರೂ ಕಾಲು ತಾನೇ ಸಂಭಾಳಿಸಿಕೊಳ್ಳುತ್ತದೆ. ಕುದುರೆ ನಿಂತೇ ತೂಕಡಿಸುತ್ತದೆ, ಆಕಳಿಗೆ ಮಾತ್ರ ದಿನಕ್ಕೆ 10-12 ತಾಸು ಮಲಗುವ ಜಾಗ ಬೇಕು.

ತಲೆ, ಕುತ್ತಿಗೆ ಮುಂದಿರುವುದರಿಂದ ಅರ್ಧಕ್ಕಿಂತ ಹೆಚ್ಚು ಭಾರ ಮುಂಗಾಲಿನ ಮೇಲಿರುತ್ತದೆ. ಹಿಂಗಾಲು ನೋಯುವ ಆಕಳು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ತಲೆ ತಗ್ಗಿಸಿ ಭಾರವನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ. ಹಿಂಗಾಲಿನಲ್ಲಿ ಹೊರಗಿನ ಗೊರಸಿಗೇ ಹೆಚ್ಚು ಭಾರ, ಕೆಚ್ಚಲು ದೊಡ್ಡದಿದ್ದರೆ ಇನ್ನೂ ಹೆಚ್ಚು. ಗೊರಸಿನ ಹುಣ್ಣು ಬಹಳವಾಗಿ ಅಲ್ಲೇ ಕಾಣುವುದು ಇದಕ್ಕೇ. ಹಾಲು ಹಿಂಡುವಾಗ ನೀವು ಕೂರುವುದೂ ಅದರ ಹತ್ತಿರವೇ, ನನಗಿಂತ ಮೊದಲು ನಿಮಗೇ ಕಾಣುತ್ತದೆ.

ನಮ್ಮ ಕಡೆ ಫರಸಿ ಹಾಸಿದ ಕೊಟ್ಟಿಗೆ ಬಹಳ. ತೊಳೆಯಲು ಸುಲಭ, ನಿಜ. ಗಂಜಳ ಬಿದ್ದರೆ ಮಾತ್ರ ಕಾಲು ಜಾರುತ್ತದೆ, ಹಿಂಗಾಲೆರಡೂ ಅಗಲಕ್ಕೆ ಸೀಳಿದ ಆಕಳನ್ನು ಮತ್ತೆ ನಿಲ್ಲಿಸುವುದು ಕಷ್ಟ. ಫರಸಿಗೆ ಗೆರೆ ಹೊಡೆಸಿ, ಇಲ್ಲವೇ ರಬ್ಬರ್ ಚಾಪೆ ಹಾಕಿ. ಅದೂ ಆಗದಿದ್ದರೆ ಒಣ ರವದಿ ಹರವಿ, ಬಾಬಲೇಶ್ವರದ ಕಬ್ಬಿನ ಹೊಲಗಳಲ್ಲಿ ಅದಕ್ಕೇನು ಕೊರತೆ?

ಹಗ್ಗವನ್ನೂ ನೋಡಿ. ಆಕಳು ಮೊದಲು ಹಿಂಭಾಗ ಎತ್ತುತ್ತದೆ, ಮುಂಗಾಲಿನ ಮೊಣಕಾಲೂರಿ ತಲೆಯನ್ನು ಮುಂದಕ್ಕೆ ಬೀಸಿ ಏಳುತ್ತದೆ. ಗ್ವಾದಲಿಗೆ ಗಿಡ್ಡ ಹಗ್ಗದಲ್ಲಿ ಕಟ್ಟಿದರೆ ತಲೆ ಬೀಸಲು ಜಾಗವೆಲ್ಲಿ?

ಈದು ಎರಡು ಮೂರು ದಿನದೊಳಗೆ ಆಕಳು ತೂರಾಡಿದರೆ, ಕಿವಿ ತಣ್ಣಗಾಗಿ ಕುತ್ತಿಗೆ ಪಕ್ಕೆಗೆ ತಿರುಗಿಸಿ ಮಲಗಿದರೆ, ಅದು ಹಾಲು ಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿ ಇರುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಸ್ನಾಯು ಬಲ ಕಳೆದುಕೊಂಡಿರುತ್ತದೆ. ಬೆಳಗಾಗಲಿ ಎಂದು ಕಾಯಬೇಡಿ, ತಾಸುಗಟ್ಟಲೆ ಒಂದೇ ಮಗ್ಗುಲಲ್ಲಿ ಬಿದ್ದರೆ ಅಡಿಯ ಕಾಲಿನ ಸ್ನಾಯು ಸ್ವಂತ ಭಾರಕ್ಕೇ ಹಾಳಾಗುತ್ತದೆ. ಆಮೇಲೆ ಕ್ಯಾಲ್ಸಿಯಂ ಕೊಟ್ಟರೂ ಏಳದೇ ಹೋಗಬಹುದು. ನಾವು ಬರುವವರೆಗೆ ಹೊಟ್ಟಿನ ಚೀಲ ಒತ್ತು ಕೊಟ್ಟು ಎದೆಯ ಮೇಲೆ ಕೂರಿಸಿ, ಅಡಿಗೆ ದಪ್ಪಗೆ ಹುಲ್ಲು ಹಾಕಿ, ಎರಡು ಮೂರು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಬಾಯಿಗೆ ಮಾತ್ರ ಏನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ನಿಮ್ಮ ಸಂಘದ ಕಾರ್ಯದರ್ಶಿಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಈದದ್ದು ಯಾವಾಗ, ಬಿದ್ದದ್ದು ಯಾವಾಗ ಎಂಬುದನ್ನು ಮೊದಲು ಹೇಳಿ.