ನರತಂತುವಿನ ಹುಟ್ಟು

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹಾದಿಯಲ್ಲಿ ಸಿಕ್ಕುವ ಹಾರೋಹಳ್ಳಿಯ ಸುತ್ತಣ ಸೀಮೆಯು ಹಿಪ್ಪುನೇರಳೆಗೂ ರೇಷ್ಮೆಗೂ ಹೆಸರಾದುದು. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಅವು ಗೂಡು ಕಟ್ಟುವ ಬಗೆಯನ್ನು ಅಲ್ಲಿಯ ಒಕ್ಕಲುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಳುವಿನ ಮೈಯೊಳಗಣ ಗ್ರಂಥಿಯಲ್ಲಿ ಫೈಬ್ರಾಯಿನ್ ಎಂಬ ಪ್ರೋಟೀನು ದ್ರವರೂಪದಲ್ಲಿ ಇರುತ್ತದೆ. ಹುಳುವು ತಲೆಯನ್ನು ಅತ್ತಿತ್ತ ಆಡಿಸುತ್ತ ಅದನ್ನು ಹೊರಗೆಳೆದಂತೆಲ್ಲ ಗಟ್ಟಿಯಾದ ಎಳೆಯಾಗುತ್ತದೆ. ಸೆರಿಸಿನ್ ಎಂಬ ಮತ್ತೊಂದು ಪ್ರೋಟೀನು ಅಂಟಿನಂತೆ ಆ ಎಳೆಗಳನ್ನು ಹಿಡಿದಿಡುತ್ತದೆ.

ಪ್ರೋಟೀನು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬೇಳೆ, ಹಾಲು, ಮೊಟ್ಟೆಗಳೇ. ಅದು ಆಹಾರವೆಂಬುದು ದಿಟವೇ. ಆದರೆ ಅದಕ್ಕೆ ಬೇರೊಂದು ಕಾರ್ಯವೂ ಉಂಟು. ಅದು ವಸ್ತುವಿಗೆ ರೂಪವನ್ನು ಕೊಡತಕ್ಕದ್ದು. ರೇಷ್ಮೆಯ ಹುಳು ಮೈಯ ಹೊರಗೆ ಎಳೆಯನ್ನು ಕಟ್ಟುವಂತೆ ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ತನ್ನ ಒಳಗೆ ಪ್ರೋಟೀನಿನ ಎಳೆಗಳನ್ನು ಕಟ್ಟಿಕೊಂಡಿದೆ. ನಮ್ಮ ಮೆದುಳೂ ನರಗಳೂ ಮೊದಲಿಗೆ ರೂಪುಗೊಳ್ಳುವುದು ಈ ಎಳೆಗಳಿಂದಲೇ.

ಇವುಗಳಲ್ಲಿ ಮುಖ್ಯವಾದುದು ಆಕ್ಟಿನ್. 1942ರಲ್ಲಿ ಹಂಗೇರಿ ದೇಶದ ಸ್ಟ್ರೌಬ್ ಎಂಬ ವಿಜ್ಞಾನಿಯು ಇದನ್ನು ಸ್ನಾಯುವಿನಿಂದ ಬೇರ್ಪಡಿಸಿದನು. ಸ್ನಾಯುವಿನಲ್ಲಿ ಮಾತ್ರವಲ್ಲದೆ ನರಕೋಶದಲ್ಲಿಯೂ ಇದು ಹೇರಳವಾಗಿದೆ. ಇದರ ಸಣ್ಣ ಸಣ್ಣ ಕಣಗಳು ಮಣಿಗಳನ್ನು ಪೋಣಿಸಿದಂತೆ ಒಂದಕ್ಕೊಂದು ಸೇರಿ ಎಳೆಯಾಗುತ್ತವೆ. ಆ ಎಳೆಯ ದಪ್ಪವು ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಮೆ. ರೇಷ್ಮೆಗೂ ಇದಕ್ಕೂ ಒಂದು ದೊಡ್ಡ ಭೇದವಿದೆ. ಒಮ್ಮೆ ಎಳೆಯಾದ ರೇಷ್ಮೆಯು ಮತ್ತೆ ಕರಗಿ ಹುಳುವಿನ ಮೈಯನ್ನು ಸೇರುವುದಿಲ್ಲ. ಆಕ್ಟಿನ್ ಎಳೆಯಾದರೋ ಒಂದು ತುದಿಯಲ್ಲಿ ಬೆಳೆಯುತ್ತಲೂ ಇನ್ನೊಂದು ತುದಿಯಲ್ಲಿ ಕಳಚುತ್ತಲೂ ಇರುತ್ತದೆ. ಬೆಳೆಯುವ ತುದಿಯು ಜೀವಕೋಶದ ಪೊರೆಯನ್ನು ಒಳಗಿನಿಂದ ನೂಕಲು, ಪೊರೆಯು ಹೊರಕ್ಕೆ ಚಾಚುತ್ತದೆ. ಎಳೆಗಳು ಬಲೆಯಂತೆ ಕವಲೊಡೆದರೆ ಚಾಚು ಹಾಳೆಯಂತೆ ಅಗಲವಾಗುವುದು. ಕಂತೆಯಾಗಿ ಒಂದೇ ಮುಖಕ್ಕೆ ನಿಂತರೆ ಬೆರಳಿನಂತೆ ಸಪೂರವಾಗುವುದು.

ಎಳೆಯ ನರಕೋಶವು ಮೊದಲು ಹೆಚ್ಚುಕಡಮೆ ದುಂಡಾಗಿಯೇ ಇರುತ್ತದೆ. ಅದರ ಸುತ್ತಲೂ ಇಂಥ ಚಾಚುಗಳು ಮೂಡುತ್ತವೆ, ಅಡಗುತ್ತವೆ. ಕೊನೆಗೆ ಕೆಲವು ಚಾಚುಗಳೊಳಕ್ಕೆ ಮೈಕ್ರೊಟ್ಯೂಬ್ಯೂಲ್ ಎಂಬ ಪ್ರೋಟೀನಿನ ಕೊಳವೆಗಳು ನುಗ್ಗಿ ಆಧಾರವಾಗುತ್ತವೆ. ಆಗ ಚಾಚು ನಿಂತು ತಂತುವಾಗುತ್ತದೆ. ಪೊರೆಯನ್ನು ಬಾಗಿಸುವ ಪ್ರೋಟೀನುಗಳೂ ಈ ಕೆಲಸದಲ್ಲಿ ಸೇರಿವೆ. ಸಿಐಪಿ4 ಎಂಬುದು ಅವುಗಳಲ್ಲೊಂದು. ಅಮೆರಿಕಾದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿದ್ವಾಂಸರು 2012ರಲ್ಲಿ ಇದನ್ನು ಇಲಿಮರಿಗಳ ನರಕೋಶಗಳಲ್ಲಿ ಪರೀಕ್ಷಿಸಿದರು. ಇದು ಹೆಚ್ಚಾದಾಗ ಕೋಶವು ಅಗಲವಾದ ಹಾಳೆಯನ್ನೇ ಚಾಚುತ್ತ ತಂತುವನ್ನು ತಡಮಾಡಿತು. ಇದು ಇಲ್ಲದ ಕೋಶಗಳಲ್ಲಿ ತಂತು ಬೇಗನೆ ಹೊರಟಿತು. ಅಂದಮೇಲೆ ನೂಕುವುದು ಎಷ್ಟು ಅವಶ್ಯವೋ ಹೊತ್ತು ಬರುವತನಕ ತಡೆಯುವುದೂ ಅಷ್ಟೇ ಅವಶ್ಯವೆಂದಾಯಿತು.

ಹೊರಟ ತಂತುವಿನ ತುದಿಯಲ್ಲಿ ಅಂಗೈಯಂತೆ ಹರಡಿದ ಒಂದು ಭಾಗವಿದೆ. ಸ್ಪೇನ್ ದೇಶದ ರಮೋನ್ ಇ ಕಹಾಲ್ ಎಂಬ ಪಂಡಿತನು ಕೋಳಿಯ ಭ್ರೂಣದಲ್ಲಿ ಇದನ್ನು ಕಂಡು 1890ರಲ್ಲಿ ಲೋಕಕ್ಕೆ ತಿಳಿಸಿದನು. ಅವನು ನೋಡಿದ್ದು ಬಣ್ಣಕಟ್ಟಿದ ನಿರ್ಜೀವ ತುಣುಕುಗಳನ್ನು. ಜೀವಂತ ತಂತುವೇ ಬೆಳೆಯುವುದನ್ನು ಕಪ್ಪೆಯ ಭ್ರೂಣದ ನರಭಾಗದಲ್ಲಿ ಕಂಡು 1907ರಲ್ಲಿ ಪ್ರಕಟಿಸಿದವನು ಅಮೆರಿಕಾದ ರಾಸ್ ಹ್ಯಾರಿಸನ್. ಆ ತುದಿಯು ಬೆರಳುಗಳಿಂದ ತಡವುತ್ತ, ಅನುಕೂಲವಾದ ಕಡೆಗೆ ಚಾಚುತ್ತ, ಪ್ರತಿಕೂಲವಾದ ಕಡೆಯಿಂದ ಹಿಂಜರಿಯುತ್ತ ದಾರಿಯನ್ನು ಅರಸುತ್ತದೆ. ನಮ್ಮ ಬೆನ್ನುಹುರಿಯಿಂದ ಕಾಲ್ಬೆರಳಿನ ಕಡೆಗೆ ಸುಮಾರು ಒಂದು ಮೀಟರು ಉದ್ದಕ್ಕೆ ಹೋಗುವ ತಂತುಗಳೂ ಹೀಗೆ ಹೊರಟವುಗಳೇ.

ಇದರಿಂದ ಗೃಹಸ್ಥರಿಗೇನು ಪ್ರಯೋಜನವೆಂದು ವಾಚಕರು ಕೇಳಬಹುದು. ಈ ತಂತುಗಳು ಹೊರಡುವುದಕ್ಕೂ ಮೊದಲೇ ನಡೆಯಬೇಕಾದ ಒಂದು ಕಾರ್ಯವಿದೆ. ಗರ್ಭ ನಿಂತ ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಮೇಲೆ ಒಂದು ಜೀವಕೋಶಗಳ ಹಾಳೆಯು ಮಡಿಚಿಕೊಂಡು ಕೊಳವೆಯಾಗತೊಡಗುತ್ತದೆ. ಮೆದುಳಿಗೂ ಬೆನ್ನುಹುರಿಗೂ ಇದೇ ಮೂಲ. ಹಾಳೆಯು ಮಡಿಯಲು ಅದರ ಕೋಶಗಳೊಳಗಣ ಆಕ್ಟಿನ್ ಚೀಲದ ಬಾಯಿಯ ದಾರದಂತೆ ಬಿಗಿಯಬೇಕು. ಎರಡು ಅಂಚುಗಳು ಕೂಡುವಲ್ಲಿ ಕೋಶಗಳು ಚಾಚುಗಳನ್ನು ನೀಡಿ ಒಂದನ್ನೊಂದು ಮುಟ್ಟುವುದನ್ನು ಇಲಿಯ ಭ್ರೂಣಗಳಲ್ಲಿ ಕಂಡಿದ್ದಾರೆ. ಮನುಷ್ಯರಲ್ಲಿ ಈ ಕೊಳವೆಯು ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ತಲೆಯ ಕಡೆ ಮುಚ್ಚದಿದ್ದರೆ ಮಗು ಉಳಿಯುವುದಿಲ್ಲ. ಬೆನ್ನಿನ ಕಡೆ ಮುಚ್ಚದಿದ್ದರೆ ಅನೇಕವೇಳೆ ಕಾಲುಗಳ ಶಕ್ತಿಯೂ ಮೂತ್ರದ ಹಿಡಿತವೂ ಕುಂದುತ್ತವೆ. ಇಷ್ಟೆಲ್ಲ ತೀರ್ಮಾನವಾಗುವ ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯರೆಂಬುದೇ ತಿಳಿದಿರುವುದಿಲ್ಲ!

ಹೀಗಾದಾಗ ಗ್ರಹಣದ ನೆಪವನ್ನು ತೆಗೆದು ತಾಯನ್ನು ದೂರುವುದು ನಮ್ಮ ಮನೆಗಳಲ್ಲಿ ಉಂಟು. ಅದು ಅನ್ಯಾಯ. ಇದರಲ್ಲಿ ಗ್ರಹಣದ ಪಾತ್ರವೇನೂ ಇಲ್ಲ. ದೂರುವುದರ ಬದಲು ಮಾಡತಕ್ಕ ಕೆಲಸವೊಂದಿದೆ. ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಲಿಯು 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಗರ್ಭಕ್ಕೆ ಮೊದಲಿನಿಂದಲೇ ಫೋಲಿಕ್ ಆಮ್ಲವನ್ನು ಕೊಟ್ಟಾಗ ಆ ದೋಷವು ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗಿತು. ಜೀವಕೋಶಗಳು ಇಮ್ಮಡಿಸಲು ಈ ಜೀವಸತ್ವವು ಬೇಕೇ ಬೇಕು. ಎಲೆ ಎಂಬರ್ಥದ ಲ್ಯಾಟಿನ್ ಶಬ್ದವೇ ಇದರ ಹೆಸರಿಗೆ ಮೂಲ; 1941ರಲ್ಲಿ ಇದನ್ನು ಪಾಲಕ್ ಸೊಪ್ಪಿನಿಂದ ತೆಗೆದಿದ್ದರು.

ಹಾರೋಹಳ್ಳಿಯ ಸೀಮೆಯಲ್ಲಿ ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ರೂಢಿಯಿದೆ. ನೀರಿನಲ್ಲಿ ಕರಗುವ ಈ ಸತ್ವವು ಅದರಿಂದ ಒಂದಿಷ್ಟು ಉಳಿಯುತ್ತದೆ. ಆದರೆ ಬೇಯಿಸುವಾಗ ಒಂದು ಪಾಲು ನಾಶವಾಗುವುದರಿಂದ ಊಟವೊಂದನ್ನೇ ನಂಬುವಂತಿಲ್ಲ. ಮಗುವನ್ನು ಬಯಸುವ ಹೆಣ್ಣುಮಗಳು ಗರ್ಭಕ್ಕೆ ಒಂದು ತಿಂಗಳಾದರೂ ಮೊದಲಿನಿಂದ ಹಿಡಿದು ಹನ್ನೆರಡನೆಯ ವಾರದವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ತೆಗೆದುಕೊಳ್ಳತಕ್ಕದ್ದು. ಹಿಂದೆ ಇಂಥ ಮಗುವಾಗಿದ್ದವರಿಗೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗುವುದರಿಂದ ಅವರು ವೈದ್ಯರನ್ನು ಕೇಳಿಯೇ ನಡೆಯಬೇಕು. ಇದರಿಂದ ಎಲ್ಲ ದೋಷಗಳೂ ತಪ್ಪುವುವೆಂದಲ್ಲ, ಬಹುಪಾಲು ತಪ್ಪುವುವು.

ಹುಳುವಿಗೆ ಎಲೆಯನ್ನು ಹೊತ್ತಿಗೆ ಸರಿಯಾಗಿ ಹಾಕದಿದ್ದರೆ ಗೂಡು ಕೆಡುವುದೆಂದು ಬಲ್ಲ ನಮ್ಮ ಒಕ್ಕಲುಮನೆಯವರು, ಮನೆಗೆ ಬಂದ ಸೊಸೆಯ ವಿಷಯದಲ್ಲಿಯೂ ಆ ಹೊತ್ತನ್ನು ಅರಿತು ನಡೆಯುವುದು ಕಷ್ಟವಾಗಲಾರದು. ಸೀಮಂತಕ್ಕೆ ಕಾದು ಕೂರುವಷ್ಟರಲ್ಲಿ ಆ ಹೊತ್ತು ಕಳೆದುಹೋಗಿರುತ್ತದೆ.