ಯಂತ್ರವಿಲ್ಲದ ನಾದ

ರಾಕ್ ವಾದ್ಯಗಾರರು ಜಾನಪದ ಮೇಳ ಕಟ್ಟುವುದೆಂದರೆ ಹಾಡು ಬದಲಿಸುವುದಷ್ಟೇ ಅಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಷರೀಫರ ಪದಕ್ಕೆ ಗಿಟಾರು ಜೋಡಿಸಿದರು. ಇನ್ನೂ ಮುಂದುವರಿದು ವಿದ್ಯುತ್ತನ್ನೇ ಬಿಟ್ಟರೆ?

ವಿದ್ಯುತ್ ಗಿಟಾರಿನ ಒಡಲು ಸಾಮಾನ್ಯವಾಗಿ ಗಟ್ಟಿಮರ. ತಂತಿಯ ಕಂಪನವನ್ನು ಯಂತ್ರವೇ ಹಿಗ್ಗಿಸಬೇಕು. ನಮ್ಮ ನಂಜನಗೂಡು ಸೀಮೆಯಲ್ಲಿ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ತಂಬೂರಿಗಾದರೋ ಒಡಲು ಟೊಳ್ಳು. ನಾದ ಅಲ್ಲಿಯೇ ತುಂಬಿಕೊಳ್ಳುತ್ತದೆ. ಆದರೆ ಅದು ಮೆಲುದನಿ. ಆದುದರಿಂದ ಡ್ರಮ್ಮಿನವನು ಕೈ ಹಗುರಗೊಳಿಸಬೇಕು, ಒಬ್ಬರನ್ನೊಬ್ಬರು ಆಲಿಸಬೇಕು. ಕಥೆಯ ಹಾಡಿನಲ್ಲಿ ಮಾತೇ ಮುಳುಗಿದರೆ ಉಳಿಯುವುದೇನು? ಮೇಳದ ನಿಜವಾದ ಪರೀಕ್ಷೆ ಇದೇ ಎಂದು ನನ್ನ ಮತ.

ಬದನವಾಳಿನ ನೂಲುವ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಕೈನೂಲಿನ ಬೆಲೆ ಬಲ್ಲ ನಾವು ಕೈನಾದದ ಬೆಲೆಯನ್ನೂ ಅರಿಯಬೇಡವೆ?